ತೆಲುಗು ಪೇಟೆ, ಗುಜರಾತಿ ಪೇಟೆ: ಎರಡು ಭಾಷಾ ಭೂಪಟಗಳು ಶಿವಮೊಗ್ಗ-ಭದ್ರಾವತಿಯ ಉದ್ಯಮಿಗೆ ಕಲಿಸುವ ಪಾಠ

ವ್ಯಾಪಾರಕ್ಕೆ ಬಂಡವಾಳ, ಸರಕು, ಸಾಗಣೆ ಎಷ್ಟು ಅಗತ್ಯವೋ ಮಾತೂ ಅಷ್ಟೇ ಅಗತ್ಯ. ಗಿರಾಕಿಯ ಭಾಷೆಯಲ್ಲಿ ನಾಲ್ಕು ಮಾತನಾಡಬಲ್ಲ ವರ್ತಕನಿಗೆ ಪೇಟೆಯ ಅರ್ಧ ಬಾಗಿಲು ತಾನಾಗಿ ತೆರೆಯುತ್ತದೆ ಎಂಬುದು ನಮ್ಮ ಹಿರಿಯ ವರ್ತಕರ ಅನುಭವ. ಆದರೆ ಯಾವ ಭಾಷೆಯನ್ನು ಎಲ್ಲಿ, ಎಷ್ಟು ಜನ ಆಡುತ್ತಾರೆ, ಆ ಜನ ಅಲ್ಲಿಗೆ ಹೇಗೆ ತಲುಪಿದರು ಎಂಬುದನ್ನು ಲೆಕ್ಕವಿಟ್ಟು ನೋಡುವ ಪದ್ಧತಿ ನಮ್ಮಲ್ಲಿ ಕಡಿಮೆ.

ಶಿವಮೊಗ್ಗ ಮತ್ತು ಭದ್ರಾವತಿಯ ಮಟ್ಟಿಗೆ ಈ ಪ್ರಶ್ನೆ ಇಂದು ಕೇವಲ ಕುತೂಹಲದ್ದಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾಗಿ, ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಭಾಗಶಃ ಕೆಲಸ ಮತ್ತೆ ಆರಂಭವಾಯಿತು. ಈ ಎರಡು ದೊಡ್ಡ ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದ್ದ ಸಣ್ಣ ಘಟಕಗಳಿಗೆ ಗಿರಾಕಿ ಊರೊಳಗೇ ಇದ್ದ. ಅವನ ಭಾಷೆಯೂ ಪರಿಚಿತವಾಗಿತ್ತು. ಈಗ ಗಿರಾಕಿಯನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾದ ಕಾಲ. ಹೋಗುವ ದಾರಿಗಳಲ್ಲಿ ಒಂದು ಪೂರ್ವಕ್ಕೆ, ತೆಲುಗು ನಾಡಿನತ್ತ. ಇನ್ನೊಂದು ವಾಯವ್ಯಕ್ಕೆ, ಗುಜರಾತಿನತ್ತ. ಈ ಎರಡು ಭಾಷೆಗಳ ಹರಹನ್ನು ಹೋಲಿಸಿ ನೋಡುವುದು ಆದ್ದರಿಂದಲೇ ಉಪಯುಕ್ತ.

ಜನಗಣತಿ ಹೇಳುವುದೇನು?

ಭಾಷೆಗಳ ಕುರಿತು ಲಭ್ಯವಿರುವ ಇತ್ತೀಚಿನ ಅಧಿಕೃತ ಅಂಕಿಗಳು 2011ರ ಜನಗಣತಿಯವು. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. 2011ರ ಲೆಕ್ಕದಂತೆ ದೇಶದಲ್ಲಿ ತೆಲುಗು ಮಾತೃಭಾಷಿಕರು ಸುಮಾರು 8.11 ಕೋಟಿ, ಹಿಂದಿ, ಬಂಗಾಳಿ, ಮರಾಠಿಗಳ ನಂತರ ನಾಲ್ಕನೆಯ ಸ್ಥಾನ. ಗುಜರಾತಿ ಭಾಷಿಕರು ಸುಮಾರು 5.55 ಕೋಟಿ, ಆರನೆಯ ಸ್ಥಾನ. ಹೋಲಿಕೆಗೆ ಹೇಳುವುದಾದರೆ, ಕನ್ನಡ ಭಾಷಿಕರು ಸುಮಾರು 4.37 ಕೋಟಿ.

ಈ ಮೊತ್ತಗಳಿಗಿಂತ ಅವು ಹರಡಿರುವ ಬಗೆ ಹೆಚ್ಚು ಗಮನಾರ್ಹ. ಗುಜರಾತಿಗಳು ದೇಶದ ಮೂಲೆ ಮೂಲೆಯಲ್ಲೂ ಇದ್ದಾರೆ, ತೆಲುಗರು ತಮ್ಮ ನಾಡಿನಲ್ಲೇ ಇದ್ದಾರೆ ಎಂಬುದು ಪೇಟೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಅಂಕಿಗಳು ಇದಕ್ಕೆ ವ್ಯತಿರಿಕ್ತವಾಗಿವೆ. ಭಾರತದೊಳಗಿನ ಗುಜರಾತಿ ಭಾಷಿಕರಲ್ಲಿ 5.19 ಕೋಟಿಯಷ್ಟು ಮಂದಿ, ಅಂದರೆ 100ಕ್ಕೆ ಸುಮಾರು 94 ಮಂದಿ, ಗುಜರಾತಿನಲ್ಲೇ ಇದ್ದಾರೆ. ತೆಲುಗು ಭಾಷಿಕರಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿದ್ದವರು ಸುಮಾರು 7 ಕೋಟಿ. 100ಕ್ಕೆ ಸುಮಾರು 87. ಎಂದರೆ ತವರು ರಾಜ್ಯದಿಂದ ಹೊರಗಿರುವ ತೆಲುಗರ ಪ್ರಮಾಣ ಗುಜರಾತಿಗಳ ಪ್ರಮಾಣದ ಎರಡರಷ್ಟಾಗುತ್ತದೆ.

ಹೊರಗಿರುವವರು ಎಲ್ಲಿದ್ದಾರೆ ಎಂಬುದರಲ್ಲೂ ವ್ಯತ್ಯಾಸವಿದೆ. ತೆಲುಗರು ತಮಿಳುನಾಡಿನಲ್ಲಿ ಸುಮಾರು 42 ಲಕ್ಷ, ಕರ್ನಾಟಕದಲ್ಲಿ ಸುಮಾರು 35 ಲಕ್ಷ, ಮಹಾರಾಷ್ಟ್ರದಲ್ಲಿ ಸುಮಾರು 13 ಲಕ್ಷ. ಈ ಮೂರೂ ತೆಲುಗು ನಾಡಿಗೆ ಗಡಿ ಹೊಂದಿದ ರಾಜ್ಯಗಳು. ಗುಜರಾತಿನ ಹೊರಗಿರುವ ಗುಜರಾತಿಗಳಲ್ಲಿ ಮೂರನೆಯ ಎರಡು ಪಾಲು, ಸುಮಾರು 23 ಲಕ್ಷ, ಮಹಾರಾಷ್ಟ್ರವೊಂದರಲ್ಲೇ ಇದ್ದಾರೆ; ಅದರಲ್ಲೂ ಮುಂಬಯಿಯಲ್ಲಿ ಹೆಚ್ಚು. ಕರ್ನಾಟಕದಲ್ಲಿ ಗುಜರಾತಿ ಭಾಷಿಕರು ಸುಮಾರು 1 ಲಕ್ಷದ ಆಸುಪಾಸು. ನಮ್ಮ ರಾಜ್ಯದಲ್ಲಿ ಒಬ್ಬ ಗುಜರಾತಿ ಭಾಷಿಕನಿಗೆ ಮೂವತ್ತಕ್ಕೂ ಹೆಚ್ಚು ತೆಲುಗು ಭಾಷಿಕರಿದ್ದಾರೆ ಎಂದಾಯಿತು. ಹಾಗಿದ್ದೂ ಸಗಟು ಪೇಟೆಯ ಮಾತುಕತೆಯಲ್ಲಿ ಗುಜರಾತಿನ ಹೆಸರು ಇಷ್ಟು ಮುಂದೆ ಬರುವುದೇಕೆ? ಉತ್ತರ ಆ ಎರಡು ಭಾಷೆಗಳು ನಡೆದುಬಂದ ದಾರಿಯಲ್ಲಿದೆ.

ನೆಲದ ಮೇಲೆ ಹರಿದ ತೆಲುಗು

ತೆಲುಗು ಹರಡಿದ್ದು ಬಹುಮಟ್ಟಿಗೆ ನೆಲದ ದಾರಿಯಲ್ಲಿ. ವಿಜಯನಗರದ ಕಾಲದಲ್ಲಿ ಸೈನ್ಯದೊಡನೆ, ಆಡಳಿತದೊಡನೆ, ಬೇಸಾಯಕ್ಕಾಗಿ ತೆಲುಗು ಕುಟುಂಬಗಳು ದಕ್ಷಿಣಕ್ಕೆ ಸರಿದವು. ತಮಿಳುನಾಡಿನ ಇಂದಿನ ತೆಲುಗರಲ್ಲಿ ಬಹುಪಾಲು ಜನರ ಮೂಲ ಅಲ್ಲಿದೆ. ಕರ್ನಾಟಕದಲ್ಲಿ ಬಳ್ಳಾರಿ, ರಾಯಚೂರು, ಪಾವಗಡ, ಚಿಕ್ಕಬಳ್ಳಾಪುರ, ಕೋಲಾರಗಳ ಉದ್ದಕ್ಕೂ ಕನ್ನಡ ಮತ್ತು ತೆಲುಗು ಒಂದೇ ಬೀದಿಯಲ್ಲಿ, ಅನೇಕ ವೇಳೆ ಒಂದೇ ಮನೆಯಲ್ಲಿ, ಬೆರೆತಿವೆ. ತುಂಗಭದ್ರಾ ಅಣೆಕಟ್ಟಿನ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು ಭಾಗಕ್ಕೆ ಆಂಧ್ರದ ಕರಾವಳಿಯ ರೈತರು ಬಂದು ನೆಲೆಸಿದರು. ಅವರ ವಸತಿಗಳಿಗೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು.

ಇನ್ನೊಂದು ದಾರಿ ಕೈಗಾರಿಕೆಯದು. ಪಶ್ಚಿಮ ಬಂಗಾಳದ ಖರಗ್‌ಪುರ ರೈಲ್ವೆ ಪಟ್ಟಣವಾಗಿ ಬೆಳೆದಾಗ, ಜಮ್ಶೆಡ್‌ಪುರದಲ್ಲಿ ಉಕ್ಕಿನ ಕಾರ್ಖಾನೆ ಎದ್ದಾಗ ಅಲ್ಲಿಗೆ ತೆಲುಗು ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಹೋದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಾ, ಮಾರಿಷಸ್, ದಕ್ಷಿಣ ಆಫ್ರಿಕಗಳಿಗೆ ದುಡಿಮೆಗಾಗಿ ಹೋದವರೂ ಇದ್ದಾರೆ. ಅಮೆರಿಕಕ್ಕೆ ಹೋದವರದು ಬೇರೆ ಬಗೆಯ ವಲಸೆ; ಅದಕ್ಕೆ ಎಂಜಿನಿಯರಿಂಗ್ ಶಿಕ್ಷಣ ಮತ್ತು ಗಣಕ ಉದ್ಯಮ ಕಾರಣ.

ತೆಲುಗರಲ್ಲಿ ವರ್ತಕ ಪರಂಪರೆ ಇಲ್ಲವೆಂದು ಇದರ ಅರ್ಥವಲ್ಲ. ಹಳೆಯ ಮೈಸೂರಿನ ಪೇಟೆಗಳಲ್ಲಿ ದಿನಸಿ, ಬಟ್ಟೆ, ಲೇವಾದೇವಿ ನಡೆಸುತ್ತ ಬಂದ ಆರ್ಯವೈಶ್ಯ ಸಮಾಜದ ಅನೇಕರ ಮನೆಮಾತು ತೆಲುಗು. ಅವರ ಕುಲದೇವತೆ ವಾಸವಿ ಕನ್ನಿಕಾ ಪರಮೇಶ್ವರಿಯ ಮೂಲಸ್ಥಾನ ಗೋದಾವರಿ ಸೀಮೆಯ ಪೆನುಗೊಂಡ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಲೆಕ್ಕದ ಪುಸ್ತಕದಲ್ಲೂ ಕನ್ನಡ ಎಂಬ ರೂಢಿ ತಲೆಮಾರುಗಳಿಂದ ನಡೆದಿದೆ.

ಬಂದರಿನಿಂದ ಪೇಟೆಗೆ ಗುಜರಾತಿ

ಗುಜರಾತಿ ಹರಡಿದ್ದು ನೀರಿನ ದಾರಿಯಲ್ಲಿ, ಬಂದರಿನಿಂದ ಬಂದರಿಗೆ. ಖಂಬಾತ್ ಮತ್ತು ಸೂರತ್‌ಗಳ ವರ್ತಕರು ಹದಿನಾರನೆಯ ಶತಮಾನದ ವೇಳೆಗೇ ಒಂದೆಡೆ ಏಡನ್, ಇನ್ನೊಂದೆಡೆ ಮಲಕ್ಕಾದವರೆಗೆ ವ್ಯವಹಾರ ನಡೆಸುತ್ತಿದ್ದರು. ಮಲಬಾರ್ ತೀರದ ಕೋಯಿಕ್ಕೋಡ್, ಕೊಚ್ಚಿಯ ಮಟ್ಟಾಂಚೇರಿಗಳಲ್ಲಿ ಗುಜರಾತಿಗಳ ಬೀದಿಗಳು ಇಂದಿಗೂ ಇವೆ. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದವರಲ್ಲಿ ಅನೇಕರು, 1972ರಲ್ಲಿ ಉಗಾಂಡ ಸರಕಾರ ಏಷ್ಯನ್ನರನ್ನು ಹೊರಹಾಕಿದಾಗ, ಬ್ರಿಟನ್ ಸೇರಿದರು. ಲೆಸ್ಟರ್ ನಗರ ಗುಜರಾತಿಗಳ ನೆಲೆಯಾಗಲು ಅದೂ ಒಂದು ಕಾರಣ. 2011ರ ಬ್ರಿಟಿಷ್ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಗುಜರಾತಿಯನ್ನು ಮುಖ್ಯ ಭಾಷೆಯೆಂದು ಬರೆಸಿದವರು 2 ಲಕ್ಷಕ್ಕೂ ಹೆಚ್ಚು.

ಕರ್ನಾಟಕದ ಮಟ್ಟಿಗೆ ಒಂದು ಆಡಳಿತದ ಕಾರಣವೂ ಇದೆ. 1956ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತದಲ್ಲಿದ್ದವು. ಗುಜರಾತಿನ ಅಹಮದಾಬಾದ್, ಸೂರತ್ ಜಿಲ್ಲೆಗಳೂ ಅದೇ ಆಡಳಿತಕ್ಕೆ ಸೇರಿದ್ದವು. ಹುಬ್ಬಳ್ಳಿಯ ಹತ್ತಿ, ಶಿರಸಿಯ ಅಡಿಕೆ ಮುಂಬಯಿಯ ಕಡೆ ಮುಖ ಮಾಡಿದ್ದುದು ಸಹಜ. ಶಿವಮೊಗ್ಗವಾದರೋ ಮೈಸೂರು ಸಂಸ್ಥಾನದ ಭಾಗ. 1899ರಲ್ಲಿ ಬೀರೂರಿನಿಂದ ರೈಲು ಬಂದ ಮೇಲೆ ಇಲ್ಲಿಯ ಸರಕು ಬೆಂಗಳೂರಿನ ಕಡೆಗೂ ಹರಿಯಿತು. ಬಳ್ಳಾರಿ ಜಿಲ್ಲೆ 1953ರ ವರೆಗೆ ಮದರಾಸು ಪ್ರಾಂತದಲ್ಲಿ ತೆಲುಗು ಜಿಲ್ಲೆಗಳ ಜೊತೆಗಿತ್ತು. ಒಂದೇ ರಾಜ್ಯದ ಬೇರೆ ಬೇರೆ ಪೇಟೆಗಳಿಗೆ ಬೇರೆ ಬೇರೆ ಭಾಷೆಗಳ ನಂಟು ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಹೀಗೆ ತೆಲುಗು ಊರಿಗೆ ಊರು ಅಂಟಿಕೊಂಡು ಹರಡಿದೆ; ಗುಜರಾತಿ ಪೇಟೆಯಿಂದ ಪೇಟೆಗೆ ಹಾರಿ ಕುಳಿತಿದೆ. ತೆಲುಗಿನಲ್ಲಿ ರೈತ, ಕೂಲಿಗಾರ, ಗುತ್ತಿಗೆದಾರ, ವರ್ತಕ ಎಲ್ಲರೂ ಇದ್ದಾರೆ. ಹೊರನಾಡಿನ ಗುಜರಾತಿಯಲ್ಲಿ ವರ್ತಕ ಮತ್ತು ಉದ್ಯಮಿಯ ಪಾಲು ದೊಡ್ಡದು. ತಲೆ ಎಣಿಸಿದರೆ ತೆಲುಗು ದೊಡ್ಡ ಗಿರಾಕಿ; ಸಗಟು ಆರ್ಡರುಗಳ ದಾರಿ ನೋಡಿದರೆ ಗುಜರಾತಿ ದೊಡ್ಡ ಕೊಂಡಿ.

ಎಣಿಕೆಯಲ್ಲಿ ಅಡಗಿದ ತೊಡಕು

ಗಣತಿಯ ಅಂಕಿಗಳನ್ನು ನೇರವಾಗಿ ಪೇಟೆಯ ಅಳತೆಗೋಲಾಗಿ ಬಳಸಲು ಬರುವುದಿಲ್ಲ. ಜನಗಣತಿಯು ಜನ ಬರೆಸಿದ ಮಾತೃಭಾಷೆಗಳನ್ನು ಕೆಲವು ದೊಡ್ಡ ಭಾಷೆಗಳ ಗುಂಪಿಗೆ ಸೇರಿಸಿ ಪ್ರಕಟಿಸುತ್ತದೆ. ಕಲ್ಲು, ಮಣ್ಣಿನ ಕೆಲಸದಲ್ಲಿ ನಿಪುಣರಾದ ಭೋವಿ ಸಮುದಾಯದ ಅನೇಕರ ಮನೆಮಾತಾದ ವಡರಿ ತೆಲುಗಿನ ಗುಂಪಿನಲ್ಲಿದೆ. ಮಧುರೆಯ ರೇಷ್ಮೆ ನೇಕಾರರ ಸೌರಾಷ್ಟ್ರ ಭಾಷೆ ಗುಜರಾತಿಯ ಗುಂಪಿನಲ್ಲಿದೆ. ತಮಿಳುನಾಡಿನಲ್ಲಿ ಕಾಣುವ ಸುಮಾರು 2.75 ಲಕ್ಷ ‘ಗುಜರಾತಿ’ ಭಾಷಿಕರಲ್ಲಿ ಬಹುಪಾಲು ಈ ನೇಕಾರ ಸಮುದಾಯದವರೇ ಹೊರತು ಅಹಮದಾಬಾದಿನಿಂದ ಬಂದ ವರ್ತಕರಲ್ಲ.

ಇದಕ್ಕೆ ಪ್ರತಿಯಾಗಿ, ಗುಜರಾತಿನ ಕಛ್ ಜಿಲ್ಲೆಯ ಕಛ್ಛಿ ಮಾತು ಗಣತಿಯಲ್ಲಿ ಸಿಂಧಿಯ ಗುಂಪಿಗೆ ಸೇರುತ್ತದೆ. ದಕ್ಷಿಣ ಭಾರತದ ಸಾಮಿಲ್ಲು, ಮರಮಟ್ಟು, ಪ್ಲೈವುಡ್ ವ್ಯಾಪಾರದಲ್ಲಿ ಕಛ್ ಮೂಲದ ಪಟೇಲರು ಬಹಳ. ಅವರಲ್ಲಿ ಕಛ್ಛಿ ಎಂದು ಬರೆಸಿದವರು ಗುಜರಾತಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಕರ್ನಾಟಕದ ಪೇಟೆಗಳಲ್ಲಿ ‘ಗುಜರಾತಿ ಸೇಠ್’ ಎಂದು ಜನ ಕರೆಯುವವರಲ್ಲಿ ಹಲವರು ರಾಜಸ್ಥಾನದ ಮಾರವಾಡಿಗಳು. ಮಾರವಾಡಿ ಗಣತಿಯಲ್ಲಿ ಹಿಂದಿಯ ಗುಂಪಿನಲ್ಲಿದೆ. ನಮ್ಮ ಜಿಲ್ಲೆಯ ಬಂಜಾರ ಸಮುದಾಯದ ಲಂಬಾಣಿಯೂ ಹಿಂದಿಯ ಗುಂಪಿನಲ್ಲೇ ಇದೆ. ಗಣತಿಯ ಹಾಳೆಯಲ್ಲಿ ಕಂಡ ಭಾಷೆ ಬೇರೆ, ಅಂಗಡಿಯ ಕಟ್ಟೆಯ ಮೇಲೆ ಕೇಳುವ ಭಾಷೆ ಬೇರೆ ಎಂಬುದನ್ನು ಮಾರಾಟದ ಯೋಜನೆ ಹಾಕುವವರು ಮರೆಯಬಾರದು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿರಿಸಿಕೊಂಡು ಹೊಸ ಗಣತಿ ನಡೆಸುವ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಟಿದೆ. ಹೊಸ ಅಂಕಿಗಳನ್ನು ಓದುವಾಗಲೂ ಈ ಎಚ್ಚರ ಅಗತ್ಯ.

ಶಿವಮೊಗ್ಗ ಮತ್ತು ಭದ್ರಾವತಿಯ ಚಿತ್ರ

2011ರಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ, ಭದ್ರಾವತಿಯದು ಸುಮಾರು 1.51 ಲಕ್ಷ. ಎರಡರ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಸ್ವಭಾವದಲ್ಲಿ ಮಾತ್ರ ಅಂತರ ಹೆಚ್ಚು. ಶಿವಮೊಗ್ಗ ಮಂಡಿಯ ಊರು. ಮಲೆನಾಡಿನ ಅಡಿಕೆ ಇಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡವಾಗಿ ಹೊರ ರಾಜ್ಯಗಳಿಗೆ ಹೋಗುತ್ತದೆ. ಇಲ್ಲಿಯ ಕೆಂಪಡಿಕೆಗೆ ಉತ್ತರ ಭಾರತದ ಪೇಟೆಗಳು ಮುಖ್ಯವಾದರೆ, ಶಿರಸಿ ಮತ್ತು ಕರಾವಳಿಯ ಚಾಲಿ ಅಡಿಕೆಗೆ ಗುಜರಾತು ದೊಡ್ಡ ಗಿರಾಕಿ. ಖರೀದಿದಾರರೊಡನೆ ಹಿಂದಿಯಲ್ಲಿ ಮಾತುಕತೆ ನಡೆಸುವುದು ಮಂಡಿಯ ಹಳೆಯ ಅಭ್ಯಾಸ.

ಭದ್ರಾವತಿ ಕಾರ್ಖಾನೆಯ ಊರು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಇದಕ್ಕೆ ಆಧಾರ. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಅರಸಿ ತಮಿಳು, ತೆಲುಗು, ಉರ್ದು, ಮಲಯಾಳ ಮಾತನಾಡುವ ಕುಟುಂಬಗಳು ಬಂದು, ಕಾರ್ಖಾನೆಯ ಬಡಾವಣೆಗಳಲ್ಲಿ ಕನ್ನಡಿಗರೊಡನೆ ಬೆರೆತು ಬಾಳಿದವು. ಖರಗ್‌ಪುರ, ಜಮ್ಶೆಡ್‌ಪುರಗಳ ಕಥೆಯೇ ಸಣ್ಣ ಪ್ರಮಾಣದಲ್ಲಿ ಭದ್ರಾವತಿಯಲ್ಲೂ ನಡೆಯಿತು ಎನ್ನಬಹುದು. ಸಾಲಿಗೆ ನಿಂತ ದುಡಿಮೆಗಾರನ ಭಾಷೆಗಳು ಇಲ್ಲಿ ಬೇರೂರಿದವು. ಬಂಡವಾಳದ ಭಾಷೆಯಾದ ಗುಜರಾತಿ ಬೇರೂರಲಿಲ್ಲ. ಏಕೆಂದರೆ ಇಲ್ಲಿ ಬಂಡವಾಳ ಹೂಡಿದ್ದು ಮೈಸೂರು ಸರಕಾರ.

ಈ ಕಾರ್ಖಾನೆಯ ಹಿಂದಿನ ಶಕ್ತಿಯಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನಲ್ಲಿ ಈ ಎರಡು ಭಾಷಾ ನಾಡುಗಳೂ ಕೂಡಿದ್ದವು ಎಂಬುದು ಇಲ್ಲಿ ಸ್ಮರಣೀಯ. ಅವರ ಮನೆತನದ ಹೆಸರಿನ ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದ ಒಂದು ಊರು. ಮುಂಬಯಿ ಸರಕಾರದ ಎಂಜಿನಿಯರಾಗಿದ್ದ ಅವರು 1890ರ ದಶಕದಲ್ಲಿ ಸೂರತ್‌ನಲ್ಲಿ ದುಡಿದರು. 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆಗೆ ಯೋಜನೆ ರೂಪಿಸಿದರು. ಆ ಅನುಭವಗಳ ತರುವಾಯವೇ ಅವರು ಮೈಸೂರಿನ ಕೈಗಾರಿಕೆಗಳತ್ತ ತಿರುಗಿದ್ದು.

ಮಾತು, ಅಂಕಿ, ಪಂಚಾಂಗ

ಕನ್ನಡಿಗನಿಗೆ ತೆಲುಗು ಹತ್ತಿರ. ಎರಡೂ ದ್ರಾವಿಡ ಭಾಷೆಗಳು. ಎರಡರ ಲಿಪಿಗೂ ಮೂಲ ಒಂದೇ. ಅಂಗಡಿ ಅಲ್ಲಿಯೂ ಅಂಗಡಿಯೇ. ಬಡ್ಡಿ ‘ವಡ್ಡಿ’, ಬೇರ ‘ಬೇರಂ’. ಕೂಲಿ, ಲಾಭ, ನಷ್ಟಗಳಿಗೂ ಅರ್ಥ ಹೇಳಬೇಕಿಲ್ಲ. ಅಡಿಕೆಗೆ ‘ವಕ್ಕ’, ಕಬ್ಬಿಣಕ್ಕೆ ‘ಇನುಮು’, ಅಕ್ಕಿಗೆ ‘ಬಿಯ್ಯಂ’ ಎಂಬ ಕೆಲವು ಪದಗಳನ್ನು ಕಲಿತರೆ ವ್ಯವಹಾರ ಸಾಗುತ್ತದೆ.

ಗುಜರಾತಿ ಆರ್ಯ ವರ್ಗದ ಭಾಷೆ. ಹಿಂದಿ ಬಲ್ಲವನಿಗೆ ಸುಲಭವೆನಿಸಿದರೂ ಅಂಕಿಗಳಲ್ಲಿ ಎಡವುವ ಸಂಭವವಿದೆ. ಎರಡಕ್ಕೆ ‘ಬೇ’, ಮೂರಕ್ಕೆ ‘ತ್ರಣ್’. ಒಂದೂವರೆಗೆ ‘ದೋಢ್’. ದೂರವಾಣಿಯಲ್ಲಿ ‘ದೋಢ್ ಲಾಖ್’ ಎಂದುದನ್ನು ಹಿಂದಿಯ ‘ದೋ ಲಾಖ್’ ಎಂದು ಕೇಳಿಸಿಕೊಂಡರೆ ಒಂದೂವರೆ ಲಕ್ಷದ ವ್ಯವಹಾರ ಎರಡು ಲಕ್ಷದ್ದಾಗಿಬಿಡುತ್ತದೆ. ಅಡಿಕೆ ಅಲ್ಲಿ ‘ಸೋಪಾರಿ’, ಧಾರಣೆ ‘ಭಾವ್’, ಬಡ್ಡಿ ‘ವ್ಯಾಜ್’. ಮೊತ್ತವನ್ನು ಬಾಯಲ್ಲಿ ಹೇಳಿದ ಮೇಲೆ ಅಂಕಿಯಲ್ಲಿ ಬರೆದು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಗುಜರಾತಿ ಲಿಪಿಯ ಇತಿಹಾಸ ವರ್ತಕರಿಗೆ ಹೆಮ್ಮೆ ತರುವಂಥದು. ದೇವನಾಗರಿಯ ಮೇಲುಗೆರೆಯನ್ನು ಬಿಟ್ಟು ಬೇಗ ಬರೆಯಲು ಅನುಕೂಲವಾದ ಈ ಬರಹ ಮೊದಲು ಬಳಕೆಯಾದದ್ದು ಪತ್ರ ಮತ್ತು ಲೆಕ್ಕಪತ್ರಗಳಿಗೆ. ಅದಕ್ಕೆ ಶರಾಫಿ, ಮಹಾಜನಿ ಎಂಬ ಹೆಸರುಗಳೂ ಇದ್ದವು. ಅದು ಮೊದಲು ಅಚ್ಚಾದದ್ದು 1797ರಲ್ಲಿ, ಪತ್ರಿಕೆಯೊಂದರ ಜಾಹೀರಾತಿನಲ್ಲಿ. 1822ರಲ್ಲಿ ಆರಂಭವಾದ ‘ಮುಂಬಯಿ ಸಮಾಚಾರ’ ಗುಜರಾತಿ ಪತ್ರಿಕೆ ಇಂದಿಗೂ ಪ್ರಕಟವಾಗುತ್ತಿದೆ.

ಪಂಚಾಂಗದ ವ್ಯತ್ಯಾಸವೂ ಲೆಕ್ಕಕ್ಕೆ ಬರಬೇಕು. ತೆಲುಗರಿಗೂ ನಮಗೂ ಯುಗಾದಿಯೇ ಹೊಸ ವರ್ಷ. ಗುಜರಾತಿಗಳ ಹೊಸ ವರ್ಷ ನಮ್ಮ ಬಲಿಪಾಡ್ಯಮಿಯ ದಿನ. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ‘ಚೋಪಡಾ ಪೂಜೆ’. ಆಮೇಲೆ ಅನೇಕ ಅಂಗಡಿ, ಕಾರ್ಖಾನೆಗಳು ಕಾರ್ತಿಕ ಶುದ್ಧ ಪಂಚಮಿಯ ‘ಲಾಭ ಪಾಂಚಮ್’ ದಿನವೇ ಬಾಗಿಲು ತೆರೆಯುವುದು ರೂಢಿ. ರಾಜಕೋಟೆಯ ಯಂತ್ರದ ಬಿಡಿಭಾಗ, ಜಾಮ್‌ನಗರದ ಹಿತ್ತಾಳೆ ಸಾಮಾನು, ಮೋರ್ಬಿಯ ಟೈಲ್ಸ್ ತರಿಸುವವರು ಆ ವಾರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಮ್ಮ ಕೆಲಸವೂ ನಿಲ್ಲುತ್ತದೆ. ಹಾಗೆಯೇ ಆಂಧ್ರದಲ್ಲಿ ಭೋಗಿ, ಸಂಕ್ರಾಂತಿ, ಕನುಮ ಎಂದು ಮೂರು ದಿನ, ತೆಲಂಗಾಣದಲ್ಲಿ ಬತುಕಮ್ಮ ಮತ್ತು ದಸರೆಯ ದಿನಗಳು ಪೇಟೆಯ ವೇಗ ತಗ್ಗುವ ಕಾಲ. ಬಟ್ಟೆ, ದಿನಸಿ ಮಾರುವವರಿಗೆ ಅದಕ್ಕೆ ಮುಂಚಿನ ವಾರಗಳು ಸುಗ್ಗಿಯ ಕಾಲ.

ಉದ್ಯಮಿಗಳು ಗಮನಿಸಬೇಕಾದದ್ದು

ಈ ಹೋಲಿಕೆಯಿಂದ ಸಣ್ಣ ಉದ್ಯಮಿಗಳಿಗೆ ಕೆಲವು ನೇರ ಪಾಠಗಳಿವೆ.

ಮೊದಲನೆಯದು, ಬಳಕೆದಾರನಿಗೆ ನೇರವಾಗಿ ಮಾರುವ ಸರಕಿಗೆ ತೆಲುಗು ನಾಡು ಸಹಜವಾದ ಮುಂದಿನ ಪೇಟೆ. ಗಡಿಗೆ ಅಂಟಿಕೊಂಡಿರುವುದರಿಂದ ಚಿತ್ರದುರ್ಗ, ಬಳ್ಳಾರಿಗಳಲ್ಲಿ ಕಾಲೂರಿದವರು ಅನಂತಪುರ, ಕರ್ನೂಲುಗಳಿಗೆ ಒಂದೊಂದೇ ಹೆಜ್ಜೆಯಾಗಿ ವಿಸ್ತರಿಸಬಹುದು. ಪೊಟ್ಟಣಗಳ ಮೇಲಿನ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಜೊತೆಗೆ ಬೇರೆ ಭಾಷೆಯಲ್ಲೂ ಮುದ್ರಿಸಲು ಅಡ್ಡಿಯಿಲ್ಲ. ಕನ್ನಡದೊಡನೆ ತೆಲುಗಿನ ಎರಡು ಸಾಲು ಸೇರಿಸುವುದಕ್ಕೆ ತಗಲುವ ವೆಚ್ಚ ಅಲ್ಪ.

ಎರಡನೆಯದು, ಎರಕ, ಯಂತ್ರಭಾಗ, ಕಚ್ಚಾ ಸಾಮಗ್ರಿಗಳ ವ್ಯವಹಾರಕ್ಕೆ ಗುಜರಾತು ಗಿರಾಕಿಯೂ ಹೌದು, ಪ್ರತಿಸ್ಪರ್ಧಿಯೂ ಹೌದು. ಎರಕದ ಉದ್ಯಮದಲ್ಲಿ ರಾಜಕೋಟೆಗೆ ದೇಶದಲ್ಲೇ ಹೆಸರಿದೆ. ಅಲ್ಲಿಗೆ ಹೋಗುವ ಶಿವಮೊಗ್ಗದ ಫೌಂಡ್ರಿಯವರು, ಮಾಚೇನಹಳ್ಳಿಯ ಘಟಕದವರು ಊರೂರು ಅಲೆಯಬೇಕಿಲ್ಲ. ಒಂದು ಪೇಟೆಯಲ್ಲಿ ಪಡೆದ ನಂಬಿಕೆ ಅವರದೇ ಸಂಬಂಧಗಳ ಮೂಲಕ ಮುಂಬಯಿ, ಹುಬ್ಬಳ್ಳಿ, ಕೊಯಮತ್ತೂರಿಗೂ ತಲುಪುತ್ತದೆ. ಕೆಟ್ಟ ಹೆಸರೂ ಅಷ್ಟೇ ವೇಗವಾಗಿ ತಲುಪುತ್ತದೆ.

ಮೂರನೆಯದು, ಸಾರಿಗೆಯ ಅನುಕೂಲ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ, ನವೆಂಬರ್‌ನಲ್ಲಿ ಹೈದರಾಬಾದ್, ತಿರುಪತಿ ಮತ್ತು ಗೋವಾಗಳಿಗೆ ವಿಮಾನ ಸಂಚಾರ ಆರಂಭವಾಯಿತು. ಹೊರ ರಾಜ್ಯಗಳಿಗೆ ಹೊರಟ ಆ ಮೂರು ಮಾರ್ಗಗಳಲ್ಲಿ ಎರಡು ತೆಲುಗು ನಾಡಿನವು ಎಂಬುದು ಯೋಚನೆಗೆ ಯೋಗ್ಯ.

ನಾಲ್ಕನೆಯದು, ನಮ್ಮಲ್ಲೇ ಇರುವ ಸಂಪತ್ತು. ಭದ್ರಾವತಿಯ ಕಾರ್ಮಿಕ ಕುಟುಂಬಗಳ ಮೂರನೆಯ ತಲೆಮಾರಿನಲ್ಲಿ ಕನ್ನಡದ ಜೊತೆ ತೆಲುಗು, ತಮಿಳು, ಉರ್ದು ಸರಾಗವಾಗಿ ಮಾತನಾಡಬಲ್ಲ ಯುವಕ ಯುವತಿಯರಿದ್ದಾರೆ. ಕಾರ್ಖಾನೆಯ ಬಾಗಿಲಲ್ಲಿ ಇವರ ಭಾಷೆಗೆ ಬೆಲೆ ಕಟ್ಟಿದವರಿರಲಿಲ್ಲ. ಅಲ್ಲಿ ಕೈಕೆಲಸವಷ್ಟೇ ಗಣನೆಗೆ ಬರುತ್ತಿತ್ತು. ಹೊರಪೇಟೆಗೆ ಹೊರಟ ಘಟಕಕ್ಕೆ ಇವರೇ ಸಿದ್ಧ ಮಾರಾಟ ಪ್ರತಿನಿಧಿಗಳು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅರ್ಜಿಯಲ್ಲಿ ‘ಬಲ್ಲ ಭಾಷೆಗಳು’ ಎಂಬ ಅಂಕಣವನ್ನು ಕಾಟಾಚಾರಕ್ಕೆ ಬಿಡದೆ ಓದುವುದು ಒಳಿತು.

ಕಾರ್ಖಾನೆಗಳು ಬಂದಾಗ ಅವುಗಳೊಡನೆ ಭಾಷೆಗಳೂ ಭದ್ರಾವತಿಗೆ ಬಂದವು. ಒಂದು ಕಾರ್ಖಾನೆ ನಿಂತಿತು, ಇನ್ನೊಂದು ಕುಂಟುತ್ತಿದೆ. ಭಾಷೆಗಳು ಮಾತ್ರ ಉಳಿದಿವೆ. ಮಂಡಿಯ ಶಿವಮೊಗ್ಗಕ್ಕೆ ದೂರದ ಪೇಟೆಯ ಪರಿಚಯವಿದೆ, ಕಾರ್ಖಾನೆಯ ಭದ್ರಾವತಿಗೆ ಹಲವು ಭಾಷೆಗಳ ಬಳಕೆಯಿದೆ. ಈ ಎರಡನ್ನೂ ಕೂಡಿಸಿಕೊಂಡು ಹೊರಟರೆ ನಮ್ಮ ಉದ್ಯಮಿಗಳಿಗೆ ಅನಂತಪುರವಾಗಲಿ ರಾಜಕೋಟೆಯಾಗಲಿ ಪರದೇಶವಾಗಲಾರದು.